ಬೇಕುದಾರರು

ನಮ್ಮೂರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಎರಡೇ ಗುರುತು. ಮಗು ಬಂದಿದ್ದರೆ 'ಬಂ', ಬಾರದಿದ್ದರೆ 'ದಾ'. ದಾ ಎಂದರೆ ದಾರಿಯಲ್ಲಿ. ಜ್ವರ ಬಂದು ಮಲಗಿದವನೂ ದಾರಿಯಲ್ಲಿ, ಅಜ್ಜಿಯ ಊರಿಗೆ ಹೋಗಿ ತಿಂಗಳಾದವಳೂ ದಾರಿಯಲ್ಲಿ. ಇಪ್ಪತ್ತೆರಡು ವರ್ಷ ನಾನು ಹೀಗೇ ಹಾಜರಿ ಕರೆದಿದ್ದೇನೆ. ನನ್ನ ಹೆಸರು ಸರ್ವಮಂಗಳಾ, ಕನ್ನಡ ಟೀಚರು. ವ್ಯಾಕರಣದ ಪಾಠದಲ್ಲಿ ನಿಷೇಧಾರ್ಥದ ಪುಟ ಬಂದಾಗ ಮಕ್ಕಳಿಗೆ ಮನಸ್ಸಿನಲ್ಲೇ ಓದಿಕೊಳ್ಳಲು ಹೇಳಿ ನಾನು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೇನೆ.

ನಮ್ಮೂರಲ್ಲಿ ಯಾವುದನ್ನಾದರೂ 'ಇಲ್ಲ' ಎಂದು ಬಾಯಿಬಿಟ್ಟು ಹೇಳಿದರೆ ಅದು ಇರುವುದಿಲ್ಲ. ಉಪ್ಪು ಇಲ್ಲ ಎಂದರೆ ಡಬ್ಬಿಯ ತಳದಲ್ಲಿ ಉಳಿದಿದ್ದ ನಾಲ್ಕು ಹರಳೂ ಹೋಗುತ್ತವೆ, ಕೆಲವೊಮ್ಮೆ ಡಬ್ಬಿಯೂ. ಬರೆದರೆ ಏನೂ ಆಗುವುದಿಲ್ಲ, ಆದ್ದರಿಂದ ಇಲ್ಲಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಓದುವವರು ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಗಟ್ಟಿಯಾಗಿ ಓದದಿದ್ದರೆ ಸಾಕು. ಮಾಡಲಿಲ್ಲ, ಗೊತ್ತಿಲ್ಲ ಎಂದು ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು ಬರುವ 'ಇಲ್ಲ'ದಿಂದ ಅಷ್ಟಾಗಿ ಅಪಾಯವಿಲ್ಲ. ಆದರೂ ಮನುಷ್ಯರ ವಿಷಯದಲ್ಲಿ ಅದನ್ನೂ ಬಿಟ್ಟಿದ್ದೇವೆ. ಹಿಂದೊಮ್ಮೆ ಬಸ್ ಕಂಡಕ್ಟರೊಬ್ಬ 'ಶಾಂತಣ್ಣ ಬಂದಿಲ್ಲ' ಎನ್ನುವಾಗ ನಡುವೆ ಕೆಮ್ಮು ಬಂದು, ಹೆಸರಾದ ಮೇಲೆ ಕೊನೆಯ ತುಂಡು ಮಾತ್ರ ಹೊರಬಿತ್ತು. ಆ ಬಸ್ಸಿನಲ್ಲಿ ಶಾಂತಣ್ಣನ ಸೀಟನ್ನು ಇವತ್ತಿಗೂ ಖಾಲಿ ಬಿಡುತ್ತಾರೆ.

ಇಲ್ಲೇ ಹುಟ್ಟಿದವರಿಗೆ ಇದೇನೂ ಕಷ್ಟವಲ್ಲ. ಮದುವೆಯಾಗಿ ಬಂದವರಿಗೆ ಕಷ್ಟ. ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ ಹೇಮಾಕ್ಷಿ, ಮದುವೆಯಾಗಿ ಬಂದ ಮೂರನೇ ವಾರದಲ್ಲಿ ಪಕ್ಕದ ಮನೆಯಾಕೆ ನನ್ನ ಹೊಲಿಗೆ ಮಿಷನ್ನು ಎರಡು ದಿನಕ್ಕೆ ಕೊಡಿ ಎಂದು ಬಂದಳು. ನಾನು ಶಾಲೆಯಲ್ಲಿದ್ದೆ. ಆ ಮನೆಗೆ ಹೋದ ಸಾಮಾನು ವಾಪಸು ಬರುವುದು ಕಮ್ಮಿ ಎಂದು ಹೇಮಾಕ್ಷಿಗೆ ಯಾರೋ ಹೇಳಿದ್ದರು. ನನ್ನ ವಸ್ತು ಉಳಿಸಲೆಂದೇ ಅವಳು "ಅಕ್ಕನ ಹೊಲಿಗೆ ಮಿಷನ್ನು ಇಲ್ಲ ಕಣ್ರೀ" ಎಂದುಬಿಟ್ಟಳು. ಸಂಜೆ ಬಂದು ನೋಡಿದರೆ ನಡುಮನೆಯ ನೆಲದ ಮೇಲೆ ಮಿಷನ್ನಿನ ನಾಲ್ಕು ಕಾಲುಗಳ ಗುರುತು ಮಾತ್ರ ಇತ್ತು. ಸೂಜಿಯ ಕೆಳಗಿದ್ದ ಅರ್ಧ ರವಿಕೆಯೂ ಹೋಗಿತ್ತು. ಅದು ನನ್ನ ತಾಯಿಯ ಮಿಷನ್ನು. ನಾನು ಕೂಗಾಡಲಿಲ್ಲ. "ಇನ್ಮೇಲೆ ನಿನ್ನ ಬಾಯಿಂದ ಈ ಮನೇಲಿ ಒಂದು ಮಾತೂ ಬರಕೂಡದು" ಎಂದಷ್ಟೇ ಹೇಳಿದೆ. ಅವಳು ಅದನ್ನು ಪಾಲಿಸಿದಳು.

ಹೀಗೆ ಒಂಬತ್ತು ವರ್ಷ. ಒಂದೇ ಮನೆ, ನಡುವೆ ಒಂದು ಬಾಗಿಲು, ಎರಡು ಅಡುಗೆಮನೆ. ಬಾಗಿಲಿಗೆ ಯಾರೂ ಚಿಲಕ ಹಾಕಿರಲಿಲ್ಲ, ಹಾಕುವ ಅಗತ್ಯವೇ ಬೀಳಲಿಲ್ಲ. ಮೊದಮೊದಲು ನನ್ನ ಜೊತೆ ಮಾತು ಬಿಟ್ಟವಳು ಆಮೇಲಾಮೇಲೆ ಎಲ್ಲರ ಜೊತೆಗೂ ಕಮ್ಮಿ ಮಾಡಿದಳು. ಅಂಗಡಿಗೆ ಹೋದರೆ ಚೀಟಿ ತೋರಿಸುವಳು. ಹೊರಗಿನಿಂದ ಬಂದವಳು, ಬಾಯಿ ಜಾರುತ್ತದೆಂದು ಹೆದರುತ್ತಾಳೆ ಎಂದು ಜನ ಅವಳನ್ನು ಮೆಚ್ಚಿಕೊಂಡರು. ನಮ್ಮ ಗಂಡಂದಿರಿಬ್ಬರೂ ಸೇರಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಅವರು ಈ ವಿಷಯಕ್ಕೆ ತಲೆಹಾಕದೆ ಎರಡೂ ಕಡೆ ಊಟ ಮಾಡಿಕೊಂಡು ದಪ್ಪಗಾದರು.

ನಮ್ಮೂರಿಗೆ ವರ್ಷಕ್ಕೆ ಎರಡು ಮೂರು ಸಲ ಕೆರೆಯ ಕಡೆಯಿಂದ ಬಿರುಗಾಳಿ ಬರುತ್ತದೆ. ಶಾಲೆಯ ಕಟ್ಟಡವೊಂದೇ ಗಟ್ಟಿ, ಹಾಗಾಗಿ ಗಾಳಿ ಬರುವ ಸೂಚನೆ ಸಿಕ್ಕರೆ ಊರೆಲ್ಲ ಶಾಲೆಗೆ. ಬಂದವರ ಹಾಜರಿ ಕರೆಯುವ ಕೆಲಸ ನನಗೆ ಬಿತ್ತು, ಅಭ್ಯಾಸ ಇರುವವಳು ಎಂದು. ಹೋದ ವರ್ಷದ ಕೊನೆಯ ಗಾಳಿಯಲ್ಲಿ ಮುನ್ನೂರು ಚಿಲ್ಲರೆ ಹೆಸರು ಕರೆದೆ. ಬೇಕರಿ ಕಾಳಿಂಗಪ್ಪನ ಹೆಸರಿಗೆ ಉತ್ತರ ಬರಲಿಲ್ಲ. 'ದಾ' ಎಂದು ಬರೆದು ಮುಂದಿನ ಹೆಸರಿಗೆ ಹೋದೆ. ದಾರಿಯಲ್ಲಿರುವವನನ್ನು ಹುಡುಕಿಕೊಂಡು ಯಾರು ತಾನೇ ಹೋಗುತ್ತಾರೆ. ಅವನ ಹೆಂಡತಿ ಭಾಗೀರಥಿಯೂ ಬಾಗಿಲ ಕಡೆ ನೋಡುತ್ತಾ ಕೂತಿದ್ದಳು. ಗಾಳಿ ನಿಂತ ಮೇಲೆ ಎರಡನೇ ದಿನ ಬೇಕರಿಯ ಗೋಡೆ ಎತ್ತಿದಾಗ ಕೆಳಗೆ ಅವನಿದ್ದ. ಶಾಲೆಯ ಗೇಟಿನಿಂದ ಬೇಕರಿಗೆ ನೂರಿಪ್ಪತ್ತು ಹೆಜ್ಜೆ. ಮೊದಲ ದಿನ ಸಂಜೆಯವರೆಗೂ ಜೀವ ಇದ್ದಿರಬೇಕು ಎಂದು ಡಾಕ್ಟರು ಹೇಳಿದರು. ಆ 'ದಾ' ಬರೆದವಳು ನಾನು.

ಇದಾದ ಮೇಲೆ, ಊರನ್ನು ಮುಂದಿನ ಗಾಳಿಗೆ ತಯಾರು ಮಾಡಲು ಮೇಲಿನಿಂದ ತಬಸ್ಸುಮ್ ಎಂಬ ಮೇಡಂ ಬಂದರು. ಮೂವತ್ತೈದರ ಒಳಗಿನ ವಯಸ್ಸು, ಕ್ಯಾನ್ವಾಸ್ ಬೂಟು, ಕೈಯಲ್ಲಿ ಒಂದು ರಟ್ಟು, ರಟ್ಟಿಗೆ ಕ್ಲಿಪ್ಪು ಹಾಕಿದ ನಮೂನೆಗಳು. ಅವರಿಗೆ ನಮ್ಮೂರಿನ ನಿಯಮವನ್ನು ಬಸ್‌ಸ್ಟ್ಯಾಂಡಿನಲ್ಲೇ ಹೇಳಿ ಕರೆತಂದೆವು. "ಸರಿ" ಎಂದರು. ಏಕೆ, ಹೇಗೆ ಎಂದು ಕೇಳದ ಮೊದಲ ಸರ್ಕಾರಿ ಮನುಷ್ಯರು ಅವರು. ಮನೆಮನೆಗೆ ಹೋಗಿ ಟಾರ್ಚು ಇದೆಯಾ, ನೀರು ತುಂಬುವ ಡ್ರಮ್ಮು ಇದೆಯಾ, ಹಾಸಿಗೆ ಹಿಡಿದವರು ಯಾರಾದರೂ ಇದ್ದಾರಾ, ಒಂದು ವಾರಕ್ಕಾಗುವಷ್ಟು ಅಕ್ಕಿ ಇದೆಯಾ ಎಂದು ಬರೆದುಕೊಂಡರು. ಅಕ್ಕಿ ಮುಗಿದಿದ್ದರೆ ನಮ್ಮ ಕಡೆ 'ಹೆಚ್ಚಾಗಿದೆ' ಎನ್ನುತ್ತಾರೆ. ನೂರಾ ನಲವತ್ತು ಮನೆಯವರು ಅಕ್ಕಿ ಹೆಚ್ಚಾಗಿದೆ ಎಂದರು. ಮೇಡಂ ಹಾಗೇ ಬರೆದುಕೊಂಡು ಕಳಿಸಿದರು.

ಹದಿನೈದು ದಿನಕ್ಕೆ ಅವರು ಒಂದು ಕಾಗದ ಹಿಡಿದು ಊರಿನ ಬಿರುಗಾಳಿ ಸಮಿತಿಯ ಸಭೆಗೆ ಬಂದರು. "ನಿಮ್ಮೂರಲ್ಲಿ ಅಕ್ಕಿ ಹೆಚ್ಚಾಗಿದೆಯಂತೆ. ನಲವತ್ತು ಮೂಟೆ ಪಕ್ಕದ ಊರಿಗೆ ಕಳಿಸಿ ಅಂತ ಆರ್ಡರ್ ಬಂದಿದೆ. ಏನ್ಮಾಡೋಣ ಹೇಳಿ."

ಸಮಿತಿಯ ಅಧ್ಯಕ್ಷರು ನಿವೃತ್ತ ಪೋಸ್ಟ್‌ಮಾಸ್ಟರ್ ಗುಂಡೂರಾಯರು. ಅವರು ಕನ್ನಡಕ ತೆಗೆದು ಒರೆಸಿ, "ಖಂಡಿತ ಕಳಿಸೋಣ ಮೇಡಂ. ಮೊದಲು ಅವರು ನಮಗೆ ಎಂಬತ್ತು ಕಳಿಸಲಿ" ಎಂದರು.

ಮೇಡಂ ನಗಲಿಲ್ಲ. ಅವರು ನಗುವುದನ್ನು ನಾನು ನೋಡಿದ್ದು ಆಮೇಲೆ ಒಂದೇ ಸಲ, ಅದೂ ಬಸ್ಸು ತಪ್ಪಿದಾಗ. ನಮೂನೆಗಳನ್ನೆಲ್ಲ ಮೇಜಿನ ಮೇಲಿಟ್ಟು, "ಅಕ್ಕಿ ವಿಷಯ ನಾನು ಸರಿ ಮಾಡ್ತೀನಿ. ಆದ್ರೆ ಮನುಷ್ಯರ ವಿಷಯ ನೀವೇ ಸರಿ ಮಾಡ್ಕೋಬೇಕು" ಎಂದರು. "ಟೀಚರ್, ನಿಮ್ಮ ಹಾಜರಿ ಪುಸ್ತಕ ನೋಡಿದೆ. ನಡ್ಕೊಂಡು ಬರ್ತಾ ಇರೋನೂ ದಾರಿಯಲ್ಲಿ, ಗೋಡೆ ಕೆಳಗೆ ಬಿದ್ದಿರೋನೂ ದಾರಿಯಲ್ಲಿ ಅಂದ್ರೆ ನಾನು ಯಾರನ್ನ ಹುಡುಕಿಸ್ಲಿ? ಬಾರದೆ ಉಳಿದೋರಿಗೆ ನನಗೊಂದು ಮಾತು ಬೇಕು. ಕೇಳಿದ ತಕ್ಷಣ ಜನ ಎದ್ದು ಓಡಬೇಕು, ಅಂಥ ಮಾತು."

ಆ ಒಂದು ಮಾತಿಗಾಗಿ ಮೂರು ಸಭೆ ನಡೆದವು. 'ಕಾಣೆ' ಎನ್ನೋಣ ಎಂದು ನಾನೇ ಮೊದಲು ಹೇಳಿದೆ; ಪತ್ರಿಕೆಯವರು ಬಳಸುವ ಮಾತು. ನೇರವಾಗಿ ಮನುಷ್ಯರ ಮೇಲೆ ಪ್ರಯೋಗ ಮಾಡುವುದು ಬೇಡವೆಂದು ಹೆಡ್‌ಮಾಸ್ಟರ ಕೋಳಿಯೊಂದನ್ನು ತರಿಸಿ, ಅದರ ಎದುರಿಗೆ ನಿಂತು 'ಕೋಳಿ ಕಾಣೆ' ಎಂದೆವು. ಕೋಳಿ ಇತ್ತು. ಆದರೆ ನಾಲ್ಕು ದಿನ ಯಾರಿಗೂ ಕಾಣಿಸಲಿಲ್ಲ. ಸ್ಟಾಫ್ ರೂಮಿನ ಬೆಂಚಿನ ಕೆಳಗೆ ಕೊಕ್ಕೊಕ್ಕೋ ಎನ್ನುತ್ತಿತ್ತು, ನನ್ನ ಕಾಲು ಕುಕ್ಕುತ್ತಿತ್ತು, ಒಂದು ಮೊಟ್ಟೆಯನ್ನೂ ಇಟ್ಟಿತು. ಮೊಟ್ಟೆ ಮಾತ್ರ ಕಂಡಿತು. ಹುಡುಕುವ ಕೆಲಸಕ್ಕೆ ಈ ಮಾತು ಅಷ್ಟಾಗಿ ಅನುಕೂಲವಲ್ಲ ಎಂದು ನಡಾವಳಿಯಲ್ಲಿ ಬರೆದೆವು.

ಗುಂಡೂರಾಯರು 'ಬಾಕಿ' ಎಂಬ ಮಾತು ಕೊಟ್ಟರು. ಅದರಿಂದ ಕೋಳಿಗೆ ಏನೂ ಆಗಲಿಲ್ಲ. ಆದರೆ ಶೆಟ್ಟರೊಬ್ಬರನ್ನು ಬಚ್ಚಿಟ್ಟು ನಡೆಸಿದ ಅಣಕು ಹಾಜರಿಯಲ್ಲಿ ನಾನು "ಗೋವಿಂದಶೆಟ್ಟರು ಬಾಕಿ" ಎಂದಾಗ ಒಬ್ಬರೂ ಕೂತಲ್ಲಿಂದ ಅಲುಗಾಡಲಿಲ್ಲ. ಬಾಕಿ ಎಂದ ಕೆಲಸಕ್ಕೆ ನಮ್ಮೂರಲ್ಲಿ ಯಾರೂ ಓಡಿಹೋದದ್ದನ್ನು ನಾನು ಕಂಡಿಲ್ಲ. ಶೆಟ್ಟರು ತಾವೇ ಬೇಜಾರಾಗಿ ಕಾಂಪೌಂಡಿನ ಆಚೆಯಿಂದ ಎದ್ದು ಬಂದರು.

ಮೂರನೇ ಸಭೆಯಲ್ಲಿ ಎಲ್ಲರೂ ಸುಸ್ತಾಗಿ ಟೀ ಕುಡಿಯುತ್ತಿದ್ದಾಗ, ಹಿಂದಿನ ಬೆಂಚಿನಲ್ಲಿ ಕೂತಿದ್ದ ಕಾಳಿಂಗಪ್ಪನ ಹೆಂಡತಿ ಭಾಗೀರಥಿ ಮಾತಾಡಿದಳು. ಅವಳು ಪ್ರತಿ ಸಭೆಗೂ ಬನ್ನಿನ ಬುಟ್ಟಿ ತಂದಿಟ್ಟು ಸುಮ್ಮನೆ ಕೂರುತ್ತಿದ್ದಳು. "ಅವತ್ತು ನನ್ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ" ಎಂದಳು.

"ಏನಂತ ಹೇಳ್ತಿದ್ರಿ ಭಾಗೀರಥಮ್ಮ?" ಎಂದು ಮೇಡಂ ಕೇಳಿದರು.

"ನಂಗೆ ಅವ್ರು ಬೇಕು ಅಂತ."

ಅವಳು ಅಳಲಿಲ್ಲ. ಸೆರಗಿನ ಮೇಲೆ ಬಿದ್ದಿದ್ದ ಬನ್ನಿನ ಪುಡಿಯನ್ನು ಕೊಡವಿಕೊಂಡಳು. ನನಗೆ ತಲೆ ಎತ್ತಲಾಗಲಿಲ್ಲ. ಮೇಡಂ ಪೆನ್ನಿನ ಮುಚ್ಚಳ ತೆಗೆದು ರಟ್ಟಿನ ಮೇಲೆ ಏನೋ ಬರೆದುಕೊಂಡು, ಹೆಡ್‌ಮಾಸ್ಟರ ಕಡೆ ತಿರುಗಿ, "ನಿಮ್ಮ ಕೋಳಿ ಈಗ ಎಲ್ಲಿದೆ ಸರ್?" ಎಂದರು. ಎಲ್ಲಿದೆಯೋ, ಮೇಯುತ್ತಿರಬೇಕು ಎಂದರು ಅವರು. "ಜೋರಾಗಿ ಹೇಳಿ, ಕೋಳಿ ಬೇಕು ಅಂತ." ಹೆಡ್‌ಮಾಸ್ಟರು ನಾಚಿಕೊಂಡು ಹೇಳಿದರು. ಬಡಗಿ ಮೋನಾಚಾರಿ ಟೀ ಲೋಟ ಕೆಳಗಿಟ್ಟು ಎದ್ದೇಬಿಟ್ಟ. ಅವನ ಹಿಂದೆ ಇನ್ನಿಬ್ಬರು ಹೊರಟರು. ಐದು ನಿಮಿಷದಲ್ಲಿ ಕೋಳಿ ಮೇಜಿನ ಮೇಲಿತ್ತು. ಇದರಲ್ಲಿ ಪವಾಡವೇನೂ ಇರಲಿಲ್ಲ. ಬೇಕು ಎಂದರೆ ಜನ ಏಳುತ್ತಾರೆ, ಅಷ್ಟೇ.

ಹೊಸ ಹಾಜರಿ ಪುಸ್ತಕಕ್ಕೆ ಮೂರು ಗುರುತಾದವು. ಬಂದವರಿಗೆ 'ಬಂ', ಪರಸ್ಥಳಕ್ಕೆ ಹೋದವರಿಗೆ 'ಪ', ಸಿಗಬೇಕಾದವರಿಗೆ 'ಬೇ'. ಹೆಸರನ್ನು ಮೂರು ಸಲ ಕರೆಯುವುದು. ಉತ್ತರ ಬಾರದಿದ್ದರೆ ಅವರ ಮನೆಯವರೊಬ್ಬರು ಎದ್ದು ನಿಂತು, ಕೊನೆಯ ಸಾಲಿಗೂ ಕೇಳುವಂತೆ 'ಬೇಕು' ಎನ್ನಬೇಕು. ಆಗ ಮೋನಾಚಾರಿಯ ಆರು ಜನರ ತಂಡ ಹಾರೆ, ಹಗ್ಗ, ಲಾರಿ ಜಾಕು ಹಿಡಿದು ಹೊರಡುತ್ತದೆ. ಹುಡುಕುವಾಗ ಕೋಣೆ ಖಾಲಿ ಕಂಡರೆ ಬಾಯಿಗೆ ಬಂದ ಮಾತಾಡದೆ 'ಮುಂದೆ' ಎನ್ನಬೇಕು. ಮನೆಯವರೇ ಏಕೆ ಹೇಳಬೇಕು, ಯಾರಾದರೂ ಹೇಳಬಹುದಲ್ಲ ಎಂದು ಗುಂಡೂರಾಯರು ಕೇಳಿದರು. "ಎಲ್ರೂ ಎಲ್ರಿಗೂ ಬೇಕು ಅಂದ್ರೆ ತಂಡ ಯಾವ ಕಡೆ ಓಡ್ಬೇಕು ಸರ್? ಬೀಗರ ಮನೇಲಿ ಊಟ ಮಾಡ್ತಿದ್ದಾರೋ, ತೊಂದರೆಲಿ ಸಿಕ್ಕಿದ್ದಾರೋ, ಅದು ಮನೆಯವರಿಗೇ ಗೊತ್ತಿರೋದು" ಎಂದರು ಮೇಡಂ.

ಸಮಿತಿ ಯಾವುದನ್ನು ಊಹಿಸಿರಲಿಲ್ಲವೋ ಅದು ಅಣಕು ಹಾಜರಿಯ ದಿನ ಆಯಿತು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಊರನ್ನೆಲ್ಲ ಕೂಡಿಸಿ, ಹತ್ತು ಜನರನ್ನು ಬಚ್ಚಿಟ್ಟು, ಹಾಜರಿ ಕರೆಯುತ್ತಿದ್ದೆವು. ಗೋವಿಂದಶೆಟ್ಟರ ಹೆಂಡತಿಯ ಸರದಿ ಬಂದಾಗ ಶೆಟ್ಟರು ಮೊದಲು ಕತ್ತಿನ ಬೆವರು ಒರೆಸಿಕೊಂಡು, ಆಮೇಲೆ ಪಂಚೆ ಸರಿಮಾಡಿಕೊಂಡು, ಆಮೇಲೆ ಬೇಕು ಎಂದರು. ಆಕೆ ನೀರಿನ ಡ್ರಮ್ಮಿನ ಹಿಂದೆ ಕೂತು ಎಣಿಸುತ್ತಿದ್ದಳು. "ಹದಿನೇಳು ಎಣಿಸೋವರೆಗೂ ಬಾಯಿ ಬಿಡ್ಲಾರದೆ ನಿಂತಿದ್ರಿ" ಎಂದು ಆ ವಾರವಿಡೀ ಅವರ ಮನೆಯಲ್ಲಿ ಸಾರಿಗೆ ಒಗ್ಗರಣೆ ಬೀಳಲಿಲ್ಲ. ಒಬ್ಬ ಅತ್ತೆ ಸೊಸೆಯ ಹೆಸರಿಗೆ ತಡ ಮಾಡಿದ್ದಕ್ಕೆ, "ಯೋಚನೆ ಮಾಡ್ತಾ ಇದ್ದೆ" ಎಂದು ಪ್ರಾಮಾಣಿಕವಾಗಿ ಹೇಳಿ ರಾದ್ಧಾಂತವಾಯಿತು. ಒಂಟಿಯಾಗಿರುವವರ ಗತಿಯೇನು ಎಂಬ ಪ್ರಶ್ನೆ ಬಂತು. ಅಂಥವರಿಗೆ ಸಮಿತಿಯೇ ಒಬ್ಬೊಬ್ಬರನ್ನು ಗೊತ್ತು ಮಾಡಿತು. ಅವರಿಗೆ 'ಬೇಕುದಾರರು' ಎಂದು ಹೆಸರಾಯಿತು. ಕ್ಷೌರದ ಅಂಗಡಿಯ ತಿಪ್ಪಯ್ಯನಿಗೆ ಬೇಕುದಾರರು ಸಿಕ್ಕಿದ ದಿನ ಅವನು ಅವರಿಗೆ ಪುಕ್ಕಟೆ ಗಡ್ಡ ಹೆರೆದ.

ಅಣಕು ಹಾಜರಿಯಲ್ಲಿ ನನ್ನ ಮನೆಯವರನ್ನು ಬಚ್ಚಿಡುವ ಚೀಟಿ ಒಮ್ಮೆಯೂ ಬರಲಿಲ್ಲ. ಚೀಟಿ ಬರೆಯುತ್ತಿದ್ದವಳು ನಾನೇ.

ಈ ವರ್ಷದ ಮೊದಲ ಗಾಳಿ ಒಂದು ಬುಧವಾರ ಬಂತು. ಹಿಂದಿನ ದಿನ ನಮ್ಮ ಮನೆಯ ಗಂಡಸರಿಬ್ಬರೂ ಗಿರಣಿಯ ಬೆಲ್ಟು ತರಲು ಘಟ್ಟದ ಆಚೆಯ ಪೇಟೆಗೆ ಹೋಗಿದ್ದರು. ಬೆಳಿಗ್ಗೆ ಆರಕ್ಕೆ ಮೇಡಂ ಫೋನ್ ಮಾಡಿ, ಮಧ್ಯಾಹ್ನದೊಳಗೆ ಬರುತ್ತದೆ, ಶಾಲೆ ತೆಗೆಸಿ ಎಂದರು. ನಾನು ಒಲೆಯ ಮೇಲಿದ್ದ ಹಾಲನ್ನು ಅರ್ಧ ಕುಡಿದು ಹೊರಟೆ. ಹೊರಡುವಾಗ ಹೇಮಾಕ್ಷಿ ಅಂಗಳದಲ್ಲಿ ಬಟ್ಟೆಯ ಹಗ್ಗ ಬಿಚ್ಚುತ್ತಿದ್ದಳು. ಗಾಳಿ ಬರ್ತಿದೆ, ಬೇಗ ಬಾ ಎಂದು ಹೇಳಬಹುದಿತ್ತು. ಅವಳ ಕಡೆ ನೋಡಿ, ಆಕಾಶದ ಕಡೆ ನೋಡಿ, ಚಪ್ಪಲಿ ಮೆಟ್ಟಿಕೊಂಡೆ. ಅಷ್ಟರಿಂದ ಅವಳಿಗೆ ಅರ್ಥವಾಗುತ್ತದೆ ಎಂದು ನಾನು ಒಂಬತ್ತು ವರ್ಷದಿಂದ ನಂಬಿದ್ದೆ.

ಹತ್ತೂವರೆಗೆ ಜನ ಬಂದರು, ಮೇಡಂ ಕೂಡ ಬಂದರು. ಹಾಸಿಗೆ ಹಿಡಿದವರನ್ನು ಗೊತ್ತು ಮಾಡಿದ ಪ್ರಕಾರ ಕುರ್ಚಿಯಲ್ಲಿ ಹೊತ್ತು ತಂದರು. ಡ್ರಮ್ಮು ತುಂಬಿತ್ತು, ಅಕ್ಕಿ ನಿಜವಾದ ಅರ್ಥದಲ್ಲೇ ಹೆಚ್ಚಾಗಿತ್ತು, ಮೇಣದಬತ್ತಿಯ ಪೆಟ್ಟಿಗೆಯನ್ನು ಇಲಿ ಮುಟ್ಟಿರಲಿಲ್ಲ. ಹನ್ನೊಂದು ಗಂಟೆಗೆ ಗಾಳಿ ಶುರುವಾಯಿತು. ಮೊದಲು ಕಾಂಪೌಂಡಿನ ಹೊರಗಿನ ಗೂಡಂಗಡಿಯ ತಗಡು ಹೋಯಿತು, ಆಮೇಲೆ ಗೂಡಂಗಡಿ. ಆಕಾಶ ಕೆಸರು ಬಣ್ಣಕ್ಕೆ ತಿರುಗಿತು. ಕೆರೆ ಕೋಡಿ ಬಿದ್ದು ಕಾಲುವೆ ಉಕ್ಕುತ್ತಿದೆ ಎಂದು ಕೊನೆಗೆ ಬಂದವರು ಹೇಳಿದರು. ಮೋನಾಚಾರಿ ಬಾಗಿಲಿಗೆ ಅಡ್ಡದಿಮ್ಮಿ ಹಾಕಿ, ಅದರ ಪಕ್ಕದಲ್ಲೇ ತನ್ನ ತಂಡವನ್ನು ಕೂರಿಸಿಕೊಂಡ. ನಾನು ಹಾಜರಿ ಶುರುಮಾಡಿದೆ.

ಮನೆ ನಂಬರಿನ ಪ್ರಕಾರ ಕರೆಯುತ್ತಾ ಹೋದೆ. ಎಲ್ಲರೂ ಬಂದಿದ್ದರು. ಶೆಟ್ಟರು ತಮ್ಮ ಹೆಂಡತಿ ಪಕ್ಕದಲ್ಲೇ ಕೂತಿದ್ದರೂ ಮುಂಜಾಗ್ರತೆಗೆಂದು ಒಮ್ಮೆ ಬೇಕು ಎಂದರು. ಎಂಬತ್ತಮೂರನೇ ನಂಬರು ನಮ್ಮ ಮನೆ. ಯಜಮಾನರಿಗೂ ಮೈದುನನಿಗೂ 'ಪ' ಹಾಕಿದೆ. ನನ್ನ ಹೆಸರನ್ನು ನಾನೇ ಕರೆದುಕೊಂಡು ನಾನೇ ಬಂದೆ ಎಂದೆ.

"ಹೇಮಾಕ್ಷಿ."

ಗಾಳಿಯ ಸದ್ದು ಮಾತ್ರ. ಮತ್ತೆ ಕರೆದೆ. ಅವಳು ಬಾಯಿ ಬಿಡದವಳು, ಕೈ ಎತ್ತಿರಬಹುದು ಎಂದು ಹೆಂಗಸರ ಸಾಲನ್ನು ನೋಡಿದೆ. ಕೈ ಎತ್ತಿದವರು ಒಬ್ಬರೂ ಕಾಣಲಿಲ್ಲ. ಮೂರನೇ ಸಲ ಕರೆದೆ. ಆಗ ಮುನ್ನೂರ ಹನ್ನೆರಡು ಜನರೂ ಒಟ್ಟಿಗೆ ನನ್ನ ಕಡೆ ನೋಡಿದರು. ನಮ್ಮ ಮನೆಯಿಂದ ಶಾಲೆಯಲ್ಲಿ ಇದ್ದವಳು ನಾನೊಬ್ಬಳೇ.

ಆ ಹೊತ್ತಿನಲ್ಲಿ ನನಗೆ ಏನೇನು ಅನ್ನಿಸಿತೋ ಅದನ್ನು ಮುಚ್ಚಿಡದೆ ಹೇಳುತ್ತೇನೆ. ಮೊದಲು ಅನ್ನಿಸಿದ್ದು ಅವಳ ಬಗ್ಗೆ ಅಲ್ಲ. ಇಷ್ಟು ಜನರ ಎದುರು ನಾನು ಇವಳನ್ನು ಬೇಕು ಎನ್ನಬೇಕೇ ಎಂದು ಅನ್ನಿಸಿತು. ಎಲ್ಲರಿಗೂ ನಮ್ಮ ವಿಷಯ ಗೊತ್ತು. ಬೇಕು ಎಂದರೆ ನಂಬುತ್ತಾರೆಯೇ, ನಂಬದಿದ್ದರೆ ತಂಡ ಏಳುತ್ತದೆಯೇ. ಅಷ್ಟರಲ್ಲಿ ನನ್ನ ಕೈ ತನ್ನ ಪಾಡಿಗೆ 'ದ' ಬರೆದು ದೀರ್ಘ ಎಳೆಯುವುದರಲ್ಲಿತ್ತು. ಅವಳು ಬರುತ್ತಿರಬಹುದು, ತಿರುವಿನಲ್ಲಿರಬಹುದು, ಈಗ ಬಾಗಿಲು ತಟ್ಟಬಹುದು. ತಲೆ ಎತ್ತಿದರೆ ಎದುರಿಗೆ ಭಾಗೀರಥಿ ಕೂತಿದ್ದಳು. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಪೆನ್ನನ್ನು ನೋಡುತ್ತಿದ್ದಳು.

"ಬೇಕು" ಎಂದೆ.

"ಜೋರಾಗಿ ಹೇಳ್ಬೇಕು ಟೀಚರ್" ಎಂದ ಮೋನಾಚಾರಿ. ಅವನಿಗೆ ಕೇಳಿಸಿತ್ತು. ಆದರೆ ಕೊನೆಯ ಸಾಲಿಗೂ ಕೇಳಬೇಕೆಂದು ನಿಯಮದಲ್ಲಿ ಬರೆದವಳು ನಾನೇ.

"ಬೇಕು."

"ಹಿಂದಿನವರಿಗೆ ಕೇಳಿಸ್ತಾ?" ಎಂದು ಅವನು ಹಿಂದಕ್ಕೆ ತಿರುಗಿದ. ತಗಡೊಂದು ಕಿಟಕಿಗೆ ಬಡಿದು ಹಾರಿಹೋಯಿತು. ಕೇಳಿಸಿತು ಎಂದು ಯಾರೂ ಹೇಳಲಿಲ್ಲ.

ಆಗ ನನಗೆ ಏನಾಯಿತೋ. ಬೆಳಿಗ್ಗೆ ಅಂಗಳದಲ್ಲಿ ಹಗ್ಗ ಬಿಚ್ಚುತ್ತಿದ್ದವಳ ಬೆನ್ನು ಕಣ್ಣಿಗೆ ಕಟ್ಟಿತು. ಒಂಬತ್ತು ವರ್ಷ ನಾನು ಆ ಬೆನ್ನನ್ನೇ ನೋಡಿದ್ದು. ಮುಖ ನೆನಪು ಮಾಡಿಕೊಳ್ಳಲು ಹೋದರೆ ಮದುವೆಯ ಮನೆಯ ಹುಡುಗಿಯ ಮುಖ ಬರುತ್ತಿತ್ತು, ಈಗಿನದು ಬರಲೊಲ್ಲದು. "ನನ್ನ ಓರಗಿತ್ತಿ ನನಗೆ ಬೇಕು" ಎಂದು ಕೂಗಿದೆ. ನನ್ನ ದನಿ ಒಡೆದು ಕರ್ಕಶವಾಗಿ ಬಂತು. ಇಪ್ಪತ್ತೆರಡು ವರ್ಷ ಪಾಠ ಮಾಡಿದ ಗಂಟಲಿನದಲ್ಲ ಅದು. ಕಣ್ಣಲ್ಲಿ ನೀರು ಬಂದಿತ್ತು, ನಾಚಿಕೆಯೂ ಆಗುತ್ತಿತ್ತು. ಮೋನಾಚಾರಿ ಅಡ್ಡದಿಮ್ಮಿ ತೆಗೆಯುತ್ತಿದ್ದ.

ಹಾಜರಿ ಕರೆಯುವವರು ಜಾಗ ಬಿಡಬಾರದು ಎಂಬ ನಿಯಮವೂ ಇತ್ತು. ಪುಸ್ತಕವನ್ನು ತಬಸ್ಸುಮ್ ಮೇಡಂ ಕೈಗೆ ಕೊಟ್ಟೆ. ಅವರು ನನ್ನನ್ನು ತಡೆಯಲಿಲ್ಲ. ತಂಡದ ಹಗ್ಗಕ್ಕೆ ನನ್ನ ಸೊಂಟವನ್ನೂ ಸೇರಿಸಿ ಗಂಟು ಹಾಕಿ, "ಎಂಬತ್ತನಾಲ್ಕರಿಂದ ನಾನು ಕರೀತೀನಿ" ಎಂದರು.

ಶಾಲೆಯಿಂದ ನಮ್ಮ ಮನೆಗೆ ನಡೆದರೆ ಆರು ನಿಮಿಷ. ಗೋಡೆ ಹಿಡಿದುಕೊಂಡು, ಕೂತು, ಎದ್ದು ಹೋಗುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಬೀದಿಯಲ್ಲಿ ಮೊಣಕಾಲು ಮಟ್ಟ ನೀರು. ನಮ್ಮ ಮನೆಯ ಹಿಂಭಾಗದ ಚಾವಣಿ ಕುಸಿದಿತ್ತು. ತಂಡ ಹೇಮಾಕ್ಷಿಯ ಕಡೆಯ ಬಾಗಿಲಿನಿಂದ ಒಳಗೆ ಹೋಯಿತು. ಅವಳ ಕೋಣೆ, ಅವಳ ಅಡುಗೆಮನೆ, ಬಚ್ಚಲು. ಅಡುಗೆಮನೆಯಲ್ಲಿ ಪಾತ್ರೆಗಳನ್ನೆಲ್ಲ ಮಣೆಯ ಮೇಲೆ ಮಗುಚಿ ಇಟ್ಟಿದ್ದಳು. ಸಿಲಿಂಡರ್ ಆಫ್ ಆಗಿತ್ತು, ಮೇನ್ ಸ್ವಿಚ್ಚು ಕೆಳಗಿತ್ತು. ಮೇಡಂ ಕೊಟ್ಟ ಪಟ್ಟಿಯಲ್ಲಿ ಇದ್ದಂತೆಯೇ ಎಲ್ಲ. ಬಾಗಿಲ ಹಿಂದೆ ಕೈಚೀಲ ಸಿದ್ಧವಾಗಿತ್ತು. ಅವಳು ಮಾತ್ರ ಕಾಣಲಿಲ್ಲ. ತಂಡದ ಒಬ್ಬ ಹುರುಪಿನಲ್ಲಿ "ಇಲ್ಲಿ ಇ" ಎನ್ನುವಷ್ಟರಲ್ಲಿ ಮೋನಾಚಾರಿ ಅವನ ಬಾಯಿ ಮುಚ್ಚಿದ. ಅವನು ಆ ಅಂಗೈಯ ಒಳಗಿಂದಲೇ "ಮುಂದೆ" ಎಂದ.

"ಮುಂದೆ ಅಂದ್ರೆ ಯಾವ ಕಡೆ ಟೀಚರ್?" ಎಂದು ಮೋನಾಚಾರಿ ಕೇಳಿದ.

ಆ ಸಿಲಿಂಡರ್ ನೋಡುತ್ತಾ ನಿಂತಿದ್ದವಳಿಗೆ ನನ್ನ ಒಲೆಯ ಮೇಲಿದ್ದ ಹಾಲು ನೆನಪಾಯಿತು. ಬೆಳಿಗ್ಗೆ ಒಲೆ ಆರಿಸಿದೆನೋ, ಹಾಗೇ ಹೊರಟುಬಿಟ್ಟೆನೋ. ನಡುವಿನ ಬಾಗಿಲ ಕಡೆ ತಿರುಗಿದೆ. ಅದು ತೆರೆದಿತ್ತು.

ನನ್ನ ಅಡುಗೆಮನೆ ಎರಡು ಮೆಟ್ಟಿಲು ತಗ್ಗಿನಲ್ಲಿದೆ. ಹಿತ್ತಿಲಿನಿಂದ ನುಗ್ಗಿದ ಕಾಲುವೆಯ ನೀರು ಅಲ್ಲಿ ಬಾವಿಯ ಹಾಗೆ ನಿಂತಿತ್ತು. ಅಟ್ಟ ಮುರಿದು, ಅದರ ತೊಲೆ ನೆಲಕ್ಕೆ ಕುಸಿದ ಹೇಮಾಕ್ಷಿಯ ತೊಡೆಯ ಮೇಲೆ ಬಿದ್ದು, ಎರಡು ಕೈಯನ್ನೂ ಅದುಮಿ ಹಿಡಿದಿತ್ತು. ನೀರು ಗಲ್ಲದವರೆಗೆ ಬಂದಿತ್ತು. ನನ್ನ ಒಲೆಯ ಗುಬುಟು ತಿರುಗಿಸಿ ಆರಿಸಿದ್ದಳು, ಅದು ದೂರದಿಂದಲೇ ಕಾಣುತ್ತಿತ್ತು. ಕಣ್ಣು ತೆರೆದೇ ಇದ್ದವು. ಬಾಯಿಯಲ್ಲಿ ಸೆರಗಿನ ತುದಿ ಉಂಡೆಯಾಗಿ ತುಂಬಿಕೊಂಡಿತ್ತು. ಕೈ ಆಡದಿದ್ದರಿಂದ ಹಲ್ಲಿನಲ್ಲೇ ಎಳೆದೆಳೆದು ತುಂಬಿಕೊಂಡಿದ್ದಳು.

ತಂಡ ಜಾಕು ಹಾಕಿತು. ನಾನು ನೀರಿನಲ್ಲಿ ಕೂತು ಅವಳ ತಲೆಯನ್ನು ಮೇಲಕ್ಕೆ ಹಿಡಿದುಕೊಂಡೆ. ಹತ್ತಿರದಿಂದ ನೋಡಿದರೆ ಅವಳ ಕೂದಲು ಮುಂದಲೆಯಲ್ಲಿ ನನ್ನದಕ್ಕಿಂತ ಹೆಚ್ಚು ಬೆಳ್ಳಗಾಗಿತ್ತು. ತೊಲೆ ಎದ್ದ ಮೇಲೆ ಅವಳನ್ನು ಮೆಟ್ಟಿಲಿಗೆ ಎತ್ತಿ ಒರಗಿಸಿ ಸೆರಗು ಬಿಡಿಸಿದೆವು. ಹಲ್ಲು ಕಚ್ಚಿದ ಕಡೆ ಸೀರೆ ಹರಿದಿತ್ತು. ಅವಳು ಬಹಳ ಹೊತ್ತು ಉಸಿರು ಎಳೆದುಕೊಂಡಳು.

"ಕೂಗಬೇಕಿತ್ತು ತಾಯಿ" ಎಂದ ಮೋನಾಚಾರಿ. "ನಾವು ಪಕ್ಕದಲ್ಲೇ ಇದ್ವಿ. ಇನ್ನೊಂದು ಗಳಿಗೆ ಆಗಿದ್ರೆ ನೀರು ಮೂಗಿಗೆ ಬರ್ತಿತ್ತು."

ಅವಳು ನನ್ನನ್ನು ನೋಡಿದಳು. ದನಿ ತುಕ್ಕು ಹಿಡಿದಂತಿತ್ತು. "ಕೂಗಕ್ಕೆ ಹೋದೆ ಅಕ್ಕಾ. ತೊಲೆ ಬಿದ್ದ ನೋವಿಗೆ ನಮ್ಮ ತವರೂರಲ್ಲಿ ಕೂಗೋ ಹಾಗೇ ಬಂದ್ಬಿಡ್ತು. 'ಯಾರೂ' ಅಂತ ಶುರುವಾಯ್ತು. ಅದರ ಹಿಂದೇನೇ ಇನ್ನೊಂದು ಮಾತು ಬರುತ್ತಲ್ಲ. ಅದೂ ಬಂದ್ಬಿಟ್ರೆ ಇಡೀ ಊರು… ಅದಕ್ಕೆ ಸೆರಗು ತುರುಕ್ಕೊಂಡೆ. ನೋವು ಜಾಸ್ತಿ ಆದ ಹಾಗೆಲ್ಲ ಇನ್ನಷ್ಟು ತುರುಕ್ಕೊಂಡೆ."

ಯಾರೂ ಇಲ್ವಾ. ಯಾವ ಊರಿನಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಮೊದಲು ಬಾಯಿಗೆ ಬರುವ ಕೂಗು ಅದು. ಶಾಲೆಯಲ್ಲಿ ಕೂತಿದ್ದ ಮುನ್ನೂರ ಹನ್ನೆರಡು ಜನ, ಮೇಡಂ, ಭಾಗೀರಥಿ, ಪೆನ್ನು ಹಿಡಿದು ಅನುಮಾನ ಮಾಡುತ್ತಾ ನಿಂತಿದ್ದ ನಾನು, ಎಲ್ಲರೂ ಅಷ್ಟು ಹೊತ್ತು ಆ ಸೆರಗಿನ ತುದಿಯ ಈಚೆಗೆ ಇದ್ದೆವು. ಮೋನಾಚಾರಿ ತಲೆಗೆ ಸುತ್ತಿದ್ದ ವಲ್ಲಿಯನ್ನು ಬಿಚ್ಚಿ ಹಿಂಡಿ ಮತ್ತೆ ಸುತ್ತಿಕೊಂಡ. ನಾನು ಅವಳ ಎರಡೂ ಕೈಗಳನ್ನು ತಿಕ್ಕುತ್ತಾ ಕೂತೆ.

ಅವಳೇ ಮತ್ತೆ ಬಾಯಿಬಿಟ್ಟಳು. ಕೇಳಲು ಹೆದರುವವಳಂತೆ ಒಂದೊಂದೇ ಅಕ್ಷರ ಆರಿಸಿ ಕೇಳಿದಳು.

"ಎಲ್ರೂ ಇದ್ದಾರಾ ಅಕ್ಕಾ?"

"ಇದ್ದಾರೆ ಕಣೆ" ಎಂದೆ. "ಈಗ ಎಲ್ರೂ ಇದ್ದಾರೆ."